ಜಿಡಿಪಿ ಏರಿದರೂ ಜೇಬು ಯಾಕೆ ತುಂಬುವುದಿಲ್ಲ?

2025ರ ಮೇ ತಿಂಗಳಲ್ಲಿ ನೀತಿ ಆಯೋಗದ ಸಿಇಒ ಒಂದು ಸುದ್ದಿ ಕೊಟ್ಟರು. ಭಾರತ ಜಪಾನನ್ನು ಹಿಂದೆ ಹಾಕಿ ಜಗತ್ತಿನ ನಾಲ್ಕನೇ ದೊಡ್ಡ ಅರ್ಥವ್ಯವಸ್ಥೆಯಾಗಿದೆ ಅಂತ. ಅದೇ ವರ್ಷದ ನವೆಂಬರ್ ಕೊನೆಗೆ ಇನ್ನೊಂದು ಸುದ್ದಿ ಬಂತು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಶೇ 8.2ರಷ್ಟು ಬೆಳೆದಿದೆ ಎಂದು. ದೊಡ್ಡ ದೇಶಗಳ ಪೈಕಿ ಇಷ್ಟು ಜೋರಾಗಿ ಬೆಳೆಯುತ್ತಿರುವುದು ನಮ್ಮದೇ.

ಇಂಥ ಸುದ್ದಿ ಬಂದ ದಿನ ಬಸ್ಸಿನಲ್ಲೋ ಟೀ ಅಂಗಡಿಯಲ್ಲೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ದೇಶ ಇಷ್ಟು ಬೆಳೀತಿದ್ರೆ ನಮ್ಮನೇಲಿ ಇಪ್ಪತ್ತನೇ ತಾರೀಖಿಗೇ ದುಡ್ಡು ಯಾಕೆ ಖಾಲಿ ಆಗುತ್ತೆ?' ಅದಕ್ಕೆ ಎರಡು ಉತ್ತರ ಸಿದ್ಧವಾಗಿರುತ್ತವೆ. 'ಸರ್ಕಾರದ ಲೆಕ್ಕವೇ ಸುಳ್ಳು' ಅನ್ನುವುದು ಒಂದು. 'ದುಡಿಯೋರಿಗೆ ಕೆಲಸಕ್ಕೇನು ಬರ, ನೀವೇ ಸರಿಯಾಗಿ ದುಡೀತಿಲ್ಲ' ಅನ್ನುವುದು ಇನ್ನೊಂದು. ಎರಡೂ ಆತುರದ ಮಾತು. ಲೆಕ್ಕ ಸರಿಯಾಗಿದ್ದು, ನಿಮ್ಮ ಅನುಭವವೂ ನಿಜವಾಗಿರಲು ಸಾಧ್ಯವಿದೆ. ಅದು ಹೇಗೆ ಅಂತ ಮೊದಲಿನಿಂದ ನೋಡೋಣ.

ಜಿಡಿಪಿಯಲ್ಲಿ ಎಣಿಸುವುದು ಏನನ್ನು?

ಜಿಡಿಪಿ ಅಂದರೆ ಒಟ್ಟು ದೇಶೀಯ ಉತ್ಪನ್ನ. ಒಂದು ವರ್ಷದಲ್ಲಿ ದೇಶದ ಗಡಿಯೊಳಗೆ ಹೊಸದಾಗಿ ತಯಾರಾದ ಎಲ್ಲ ವಸ್ತು ಮತ್ತು ಸೇವೆಗಳ ಬೆಲೆಯನ್ನು ಕೂಡಿದರೆ ಬರುವ ಮೊತ್ತ ಅದು. ಕೂಡುವಾಗ ಒಂದನ್ನೇ ಎರಡು ಸಲ ಎಣಿಸಬಾರದು. ರೈತ 40 ರೂಪಾಯಿಯ ಜೋಳ ಮಾರಿದ, ಗಿರಣಿಯವನು ಅದನ್ನು ಹಿಟ್ಟು ಮಾಡಿ 50ಕ್ಕೆ ಕೊಟ್ಟ, ಖಾನಾವಳಿಯವರು ರೊಟ್ಟಿ ಬಡಿದು 120ಕ್ಕೆ ಮಾರಿದರು ಅನ್ನಿ. ಜಿಡಿಪಿಗೆ ಸೇರುವುದು 210 ಅಲ್ಲ, 120 ಮಾತ್ರ. ಪ್ರತಿ ಹಂತದಲ್ಲಿ ಹೊಸದಾಗಿ ಸೇರಿದ ಮೌಲ್ಯವಷ್ಟೇ ಲೆಕ್ಕಕ್ಕೆ ಬರುತ್ತದೆ.

ಬೆಲೆ ಏರಿದ್ದರಿಂದಲೇ ಮೊತ್ತ ಜಾಸ್ತಿ ಕಂಡರೆ ಅದು ನಿಜವಾದ ಬೆಳವಣಿಗೆ ಅಲ್ಲ. ಹಾಗಾಗಿ ಬೆಲೆ ಏರಿಕೆಯನ್ನು ಕಳೆದು ಹೇಳುತ್ತಾರೆ. ಪತ್ರಿಕೆಯ ತಲೆಬರಹದಲ್ಲಿ ಬರುವ ಶೇ 8.2 ಅನ್ನುವುದು ಈ ಕಳೆದ ಮೇಲಿನ ಅಂಕಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೊಸ ವಸ್ತುವಿಗೋ ಸೇವೆಗೋ ದುಡ್ಡು ಕೈಬದಲಾದ ಕಡೆ ಜಿಡಿಪಿ ನೋಡುತ್ತದೆ, ಬೇರೆ ಕಡೆ ಬಹುಮಟ್ಟಿಗೆ ನೋಡುವುದಿಲ್ಲ. ಅಮ್ಮ ಮನೆಯಲ್ಲಿ ಮಾಡಿದ ಅಡುಗೆ ಲೆಕ್ಕದಲ್ಲಿ ಇಲ್ಲ, ಅದನ್ನೇ ಹೋಟೆಲಿನಲ್ಲಿ ತಿಂದರೆ ಇದೆ. ಕೋಲಾರದಲ್ಲಿ ಬೋರ್‌ವೆಲ್ ಬತ್ತಿ, ಮತ್ತೊಂದನ್ನು ಇನ್ನೂ ಆಳಕ್ಕೆ ಕೊರೆಸಿದರೆ ಲಾರಿ, ಡೀಸೆಲ್, ಕೇಸಿಂಗ್ ಪೈಪು, ಪಂಪ್ ಎಲ್ಲವೂ ಜಿಡಿಪಿಗೆ ಸೇರುತ್ತವೆ. ಅಂತರ್ಜಲ ಕೆಳಕ್ಕೆ ಇಳಿದದ್ದನ್ನು ಯಾರೂ ಕಳೆಯುವುದಿಲ್ಲ. ಇದೇನೂ ಈಗ ಕಂಡುಕೊಂಡ ದೋಷವಲ್ಲ. ಅಮೆರಿಕದಲ್ಲಿ ರಾಷ್ಟ್ರೀಯ ಆದಾಯದ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಈ ಮೊತ್ತ ನೋಡಿ ಜನರ ಯೋಗಕ್ಷೇಮವನ್ನು ಅಳೆಯಲಾಗದು ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದರು. ಮಾಪಕ ಮಾಡಿದವರೇ ಹೇಳಿದ ಮಾತು ಅದು.

ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಆ ವಿಮೆಯ ಲೆಕ್ಕಕ್ಕೆ ಹಿಡಿಯುವ ಮಳೆ ಮಾಪಕ ಇರುವುದು ಎಲ್ಲೋ ಒಂದು ಕಡೆ. ಅಲ್ಲಿ ಜೋರು ಮಳೆ ಬಿತ್ತು, ಅಂಕಿ ದಾಖಲಾಯಿತು, 'ಮಳೆ ಸಾಕಷ್ಟಾಗಿದೆ' ಅಂತ ತೀರ್ಮಾನವೂ ಆಯಿತು. ಮೂರು ಕಿಲೋಮೀಟರ್ ಆಚೆಯ ಹೊಲದಲ್ಲಿ ತೊಗರಿ ಒಣಗುತ್ತಿರುತ್ತದೆ. ಮಾಪಕ ಸುಳ್ಳು ಹೇಳಿಲ್ಲ, ರೈತನೂ ಹೇಳಿಲ್ಲ.

ಹತ್ತು ಮನೆಗಳ ಬೀದಿಯ ಲೆಕ್ಕ

ಒಂದು ಬೀದಿಯಲ್ಲಿ ಹತ್ತು ಮನೆ. ಪ್ರತಿ ಮನೆಗೂ ತಿಂಗಳಿಗೆ 20,000 ರೂಪಾಯಿ ಆದಾಯ. ಬೀದಿಯ ಒಟ್ಟು ಆದಾಯ 2 ಲಕ್ಷ. ಮುಂದಿನ ವರ್ಷ ಒಂದು ಮನೆಯ ಆದಾಯ 36,000ಕ್ಕೆ ಏರಿತು, ಉಳಿದ ಒಂಬತ್ತು ಮನೆಗಳದ್ದು ಹಾಗೇ ಉಳಿಯಿತು. ಈಗ ಬೀದಿಯ ಆದಾಯ 2,16,000. ಬೆಳವಣಿಗೆ ಎಷ್ಟು? ಶೇ 8. ಸರಾಸರಿ ಆದಾಯವೂ 20,000ದಿಂದ 21,600ಕ್ಕೆ ಏರಿತು. ಒಂಬತ್ತು ಮನೆಯವರ ಪಾಲಿಗೆ ಏನೂ ಆಗಿಲ್ಲ. ಆ ವರ್ಷ ಸಾಮಾನಿನ ಬೆಲೆ ಶೇ 5ರಷ್ಟು ಏರಿದ್ದರೆ ಅವರು ಹಿಂದಿಗಿಂತ ಬಡವರಾಗಿದ್ದಾರೆ.

ನಾಲ್ಕನೇ ದೊಡ್ಡ ಅರ್ಥವ್ಯವಸ್ಥೆ ಎಂಬ ಮಾತನ್ನೂ ಹೀಗೇ ಬಿಡಿಸಿ ನೋಡಬೇಕು. ಜಪಾನಿನಲ್ಲಿ ಇರುವುದು ಸುಮಾರು 12 ಕೋಟಿ ಜನ. ನಾವು 140 ಕೋಟಿಗೂ ಜಾಸ್ತಿ. ಒಟ್ಟು ಮೊತ್ತ ಸಮ ಇದ್ದರೂ ತಲೆಗೆ ಹಂಚಿದಾಗ ಅಲ್ಲಿನವರಿಗೆ ಬರುವುದು ನಮ್ಮ ಹತ್ತು ಪಟ್ಟಿಗೂ ಹೆಚ್ಚು. ಹೀಗೆ ತಲೆಗೆ ಹಂಚಿದ ಅಂಕಿಗೆ ತಲಾ ಆದಾಯ ಅನ್ನುತ್ತಾರೆ.

ತಲಾ ಆದಾಯವೂ ಸರಾಸರಿಯೇ. ಅದರೊಳಗೆ ಏನೆಲ್ಲ ಅಡಗಿರಬಹುದು ಅನ್ನುವುದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬೆಲೆ ಏರಿಕೆ ಕಳೆದು ಲೆಕ್ಕ ಹಾಕಿದಾಗ 2024-25ರಲ್ಲಿ ದೇಶದ ತಲಾ ಆದಾಯ 1,14,710 ರೂಪಾಯಿ, ಕರ್ನಾಟಕದ್ದು 2,04,605. ದೊಡ್ಡ ರಾಜ್ಯಗಳಲ್ಲಿ ನಾವೇ ಮೊದಲು. ಆದರೆ ರಾಜ್ಯದ ಆರ್ಥಿಕ ಸಮೀಕ್ಷೆಯ ಜಿಲ್ಲಾವಾರು ಪಟ್ಟಿ ತೆರೆದು ನೋಡಿ. ಇಂದಿನ ಬೆಲೆಯ ಲೆಕ್ಕದಲ್ಲಿ, ಅಂದರೆ ಬೆಲೆ ಏರಿಕೆ ಕಳೆಯದೆ, ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ವರ್ಷಕ್ಕೆ 7 ಲಕ್ಷ ರೂಪಾಯಿ ದಾಟಿದೆ. ಪಟ್ಟಿಯ ಕೊನೆಯಲ್ಲಿರುವ ಕಲಬುರಗಿಯದ್ದು ಒಂದೂವರೆ ಲಕ್ಷದ ಆಸುಪಾಸು. ಇಡೀ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಒಂದೇ ಜಿಲ್ಲೆಯಿಂದ ಬರುತ್ತದೆ. ಆ ಬೆಂಗಳೂರಿನೊಳಗೂ ಐಟಿ ಪಾರ್ಕಿನ ಎಂಜಿನಿಯರ್ ಮತ್ತು ಅವರ ಅಪಾರ್ಟ್‌ಮೆಂಟಿನ ವಾಚ್‌ಮನ್ ಇಬ್ಬರಿಗೂ ಅದೇ 7 ಲಕ್ಷದ ಸರಾಸರಿ!

ಸರಾಸರಿ ಜನರ ಬದುಕಿನಿಂದ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಐರ್ಲೆಂಡ್ ಒಂದು ತಮಾಷೆಯ ಸಾಕ್ಷಿ. 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಶೇ 26ರಷ್ಟು ಬೆಳೆಯಿತು ಅಂತ ಪ್ರಕಟವಾಯಿತು. ಅಷ್ಟು ಹೊಸ ಕಾರ್ಖಾನೆ ಎದ್ದಿರಲಿಲ್ಲ. ಕೆಲವು ಬಹುರಾಷ್ಟ್ರೀಯ ಕಂಪನಿಗಳು ತೆರಿಗೆ ಉಳಿಸಲು ತಮ್ಮ ಪೇಟೆಂಟ್ ಮುಂತಾದ ಆಸ್ತಿಗಳನ್ನು ಕಾಗದದ ಮೇಲೆ ಐರ್ಲೆಂಡಿಗೆ ವರ್ಗಾಯಿಸಿದ್ದವು, ಅಷ್ಟೆ. ಆಮೇಲೆ ಅಲ್ಲಿನ ಅಂಕಿಅಂಶ ಕಚೇರಿ ಇಂಥ ಆದಾಯವನ್ನು ತೆಗೆದುಹಾಕಿ ನೋಡುವ ಬೇರೊಂದು ಅಳತೆಯನ್ನೇ ಶುರುಮಾಡಿತು.

ಬಳ್ಳಾರಿ: ಕೆಂಪು ಧೂಳಿನ ವರ್ಷಗಳು

ಐರ್ಲೆಂಡಿನದ್ದು ಕಾಗದದ ಬೆಳವಣಿಗೆ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಬೆಳವಣಿಗೆಯೂ ಜನರ ಕೈಗೆ ಹತ್ತದೆ ಹೋಗಬಹುದು. ಅದನ್ನು ನಾವು ನಮ್ಮಲ್ಲೇ ನೋಡಿದ್ದೇವೆ.

ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳಲ್ಲಿ ಒಳ್ಳೆಯ ದರ್ಜೆಯ ಕಬ್ಬಿಣದ ಅದಿರು ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಉಕ್ಕಿಗಾಗಿ ಹಪಹಪಿಸುತ್ತಿತ್ತು. ಅದಿರಿನ ಬೆಲೆ ಗಗನಕ್ಕೇರಿತು. ಬಳ್ಳಾರಿಯಿಂದ ಬೇಲೆಕೇರಿ, ಮಂಗಳೂರು, ಗೋವಾ, ಚೆನ್ನೈ, ಕೃಷ್ಣಪಟ್ಟಣಂ ಬಂದರುಗಳ ಕಡೆಗೆ ಹಗಲು ರಾತ್ರಿ ಲಾರಿಗಳ ಸಾಲು. ಆ ವರ್ಷಗಳ ಲೆಕ್ಕದಲ್ಲಿ ಗಣಿಗಾರಿಕೆ, ಸಾಗಣೆ, ರಫ್ತು ಎಲ್ಲವೂ ಮೇಲಕ್ಕೆ. ದೇಶದ ಜಿಡಿಪಿಗೆ ಅಷ್ಟೂ ಸೇರಿತು.

ದುಡ್ಡು ಎಲ್ಲಿಗೆ ಹೋಯಿತು? ಅದಿರು ನೆಲದ್ದು, ನೆಲ ಸಾರ್ವಜನಿಕರದ್ದು. ಹಾಗಾಗಿ ಗಣಿಯವರು ಸರ್ಕಾರಕ್ಕೆ ರಾಜಧನ ಕಟ್ಟಬೇಕು. 2009ರ ಆಗಸ್ಟ್‌ವರೆಗೆ ಈ ರಾಜಧನ ಬೆಲೆಯ ಇಷ್ಟು ಪಾಲು ಅಂತ ಇರಲಿಲ್ಲ. ದರ್ಜೆ ನೋಡಿ ಟನ್ನಿಗೆ ಇಷ್ಟು ರೂಪಾಯಿ ಅಂತ ನಿಗದಿಯಾಗಿತ್ತು. ಅತ್ಯುತ್ತಮ ದರ್ಜೆಗೂ ಅದು 27 ರೂಪಾಯಿ. ಹೊರದೇಶದ ಮಾರುಕಟ್ಟೆಯಲ್ಲಿ ಅದೇ ಟನ್ ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ಬೆಲೆ ನಾಲ್ಕು ಪಟ್ಟು ಆದರೂ ಸರ್ಕಾರದ ಪಾಲು ಆ 27 ರೂಪಾಯಿಯೇ. ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆ ಹೋಗಬಹುದಾಗಿದ್ದ ಹಣ ಮೊದಲು ಸೋರಿದ್ದು ಇಲ್ಲಿ, ಕಾನೂನಿನ ಪ್ರಕಾರವೇ. ಆಮೇಲೆ ರಾಜಧನವನ್ನು ಬೆಲೆಯ ಶೇ 10ಕ್ಕೆ, 2014ರಲ್ಲಿ ಶೇ 15ಕ್ಕೆ ಬದಲಿಸಿದರು.

ಕಾನೂನು ಮೀರಿ ಸೋರಿದ್ದು ಬೇರೆ. ಪರ್ಮಿಟ್ ಇಲ್ಲದ ಅದಿರು, ಮಿತಿ ಮೀರಿ ಹೇರಿದ ಲಾರಿ, ಅರಣ್ಯದೊಳಗೆ ಒತ್ತುವರಿ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿ ಸರ್ಕಾರಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು.

ಕೆಲಸವಾದರೂ ಸಿಕ್ಕಿತೇ? ಸ್ವಲ್ಪ ಸಿಕ್ಕಿತು. ಮೊದಲು ಗುದ್ದಲಿ, ಹಾರೆ ಹಿಡಿದು ಕೈಯಲ್ಲೇ ಅದಿರು ಒಡೆಯುವ ಕೂಲಿಗಳಿದ್ದರು. ಬೆಲೆ ಏರಿ ಆತುರ ಹೆಚ್ಚಿದಂತೆ ಆ ಜಾಗಕ್ಕೆ ಹಿಟಾಚಿಗಳು ಬಂದವು. ಒಂದು ಯಂತ್ರ ಒಂದು ಗಂಟೆಯಲ್ಲಿ ಮಾಡುವ ಕೆಲಸವನ್ನು ಕೈಯಲ್ಲಿ ಮಾಡಲು ಎಷ್ಟು ಜನ ಬೇಕು ಅಂತ ನೀವೇ ಊಹಿಸಿ. ಉತ್ಪಾದನೆ ಹಲವು ಪಟ್ಟು ಏರಿದರೂ ಕೆಲಸಗಾರರ ಸಂಖ್ಯೆ ಅಷ್ಟು ಏರಲಿಲ್ಲ. ಸಾಲ ಮಾಡಿ ಲಾರಿ ಕೊಂಡವರು ಒಂದಷ್ಟು ದಿನ ಚೆನ್ನಾಗಿ ದುಡಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ಲಾರಿಗಳು ರಸ್ತೆ ಬದಿಯಲ್ಲಿ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ.

ಊರಿಗೆ ಉಳಿದದ್ದು ಧೂಳು. ಮೆಣಸಿನಕಾಯಿ, ಹತ್ತಿ, ಜೋಳದ ಎಲೆಯ ಮೇಲೆಲ್ಲ ಕೆಂಪು ಪದರ. ಗುಂಡಿ ಬಿದ್ದ ರಸ್ತೆ, ಕೆಮ್ಮು, ಹೂಳು ತುಂಬಿದ ಹಳ್ಳ. ಜಿಡಿಪಿಯ ಪುಸ್ತಕದಲ್ಲಿ ಅದಿರು ಮಾರಿದ ಹಣ ಜಮಾ ಆಗಿದೆ. ಗುಡ್ಡ ಕರಗಿದ್ದಕ್ಕೆ ಖರ್ಚಿನ ಕಲಂ ಇಲ್ಲ. ಕೆಮ್ಮಿಗೆ ಆಸ್ಪತ್ರೆಯಲ್ಲಿ ಕಟ್ಟಿದ ಬಿಲ್ಲು ಮತ್ತೆ ಜಮಾ ಕಡೆಗೇ ಸೇರುತ್ತದೆ. ಪರಿಸರ ಸರಿಪಡಿಸಲು ಕೋರ್ಟ್ ಆದೇಶದಂತೆ ಸಾವಿರಾರು ಕೋಟಿ ರೂಪಾಯಿ ಪ್ರತ್ಯೇಕ ನಿಧಿಗೆ ಹೋಯಿತು ನಿಜ. ಆ ಹಣದ ಬಹುಭಾಗ ವರ್ಷಗಟ್ಟಲೆ ಖಾತೆಯಲ್ಲೇ ಕೂತಿತ್ತು.

ಬಳ್ಳಾರಿಯದ್ದು ಅತಿರೇಕದ ಪ್ರಕರಣ ಅನ್ನಬಹುದು. ಒಪ್ಪೋಣ. ಆದರೆ ಬೆಳವಣಿಗೆ ಮನೆ ತಲುಪಬೇಕಾದರೆ ಯಾವ ಯಾವ ಬಾಗಿಲು ದಾಟಬೇಕು ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಸಿಗಬೇಕು. ಕೆಲಸಕ್ಕೆ ಬರುವ ಕೂಲಿ ಬೆಲೆಗಿಂತ ಮುಂದೆ ಓಡಬೇಕು. ತೆರಿಗೆಯಾಗಿ ಹೋದ ಪಾಲು ಸೇವೆಯಾಗಿ ವಾಪಸ್ ಬರಬೇಕು.

ಬೆಳೆಯುತ್ತಿರುವುದು ಒಂದು ಕಡೆ, ಜನ ಇರುವುದು ಇನ್ನೊಂದು ಕಡೆ

ದೇಶದ ದುಡಿಯುವ ಜನರಲ್ಲಿ ಶೇ 46ರಷ್ಟು ಮಂದಿ ಕೃಷಿಯಲ್ಲಿದ್ದರು. ಇದು 2023-24ರ ಕಾರ್ಮಿಕ ಬಲ ಸಮೀಕ್ಷೆಯ ಅಂಕಿ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಅದರ ಅರ್ಧವೂ ಇಲ್ಲ, ಸುಮಾರು ಶೇ 18. ಅಂದರೆ ಸಣ್ಣ ತುಂಡನ್ನು ಹಂಚಿಕೊಳ್ಳಲು ದೊಡ್ಡ ಗುಂಪು ಕೂತಿದೆ.

ಜೋರಾಗಿ ಬೆಳೆಯುತ್ತಿರುವುದು ಐಟಿ, ಬ್ಯಾಂಕಿಂಗ್, ಹಣಕಾಸು ಮುಂತಾದ ಸೇವೆಗಳು. ಇಡೀ ದೇಶದ ಐಟಿ ಉದ್ಯಮದಲ್ಲಿ ಇರುವ ಕೆಲಸಗಾರರು 60 ಲಕ್ಷದ ಒಳಗೆ. ದುಡಿಯುವ ಜನ 60 ಕೋಟಿಗೂ ಮೇಲೆ. ನೂರರಲ್ಲಿ ಒಬ್ಬರೂ ಪೂರ್ತಿ ಇಲ್ಲ! ಹೊಲ ಬಿಟ್ಟು ಬಂದ ಹತ್ತನೇ ಕ್ಲಾಸಿನ ಹುಡುಗನಿಗೆ ಅಲ್ಲಿ ನೇರ ಜಾಗವಿಲ್ಲ. ಅವನಿಗೆ ಜಾಗ ಕೊಡಬೇಕಾದದ್ದು ಕಾರ್ಖಾನೆ. ಬೇರೆ ದೇಶಗಳಲ್ಲಿ ಆದದ್ದೂ ಹಾಗೇ, ಹೊಲದಿಂದ ಕಾರ್ಖಾನೆಗೆ, ಅಲ್ಲಿಂದ ಕಚೇರಿಗೆ. ನಮ್ಮಲ್ಲಿ ಕಾರ್ಖಾನೆಯ ಕೆಲಸದಲ್ಲಿರುವುದು ನೂರಕ್ಕೆ ಹನ್ನೊಂದು ಮಂದಿ. ಆ ಹುಡುಗ ಗಾರೆ ಕೆಲಸಕ್ಕೋ ಡೆಲಿವರಿಗೋ ಹೋಗುತ್ತಾನೆ. ಕೋವಿಡ್ ಬಂದಾಗ ಅದೂ ಇಲ್ಲದೆ ಊರಿಗೆ ವಾಪಸಾದ. 2018-19ರಲ್ಲಿ ಶೇ 42.5 ಇದ್ದ ಕೃಷಿಯ ಕೆಲಸಗಾರರ ಪಾಲು 2020-21ಕ್ಕೆ ಶೇ 46.5 ಆಗಿತ್ತು. 2023-24ರವರೆಗೂ ಹೆಚ್ಚೇನೂ ಇಳಿದಿರಲಿಲ್ಲ.

ಕಂಪನಿಗಳು ಬೆಳೆದರೆ ಕೆಲಸ ತಾನಾಗಿ ಬರುತ್ತದೆ ಅಲ್ವಾ? ಬರಬೇಕು. ಆದರೆ ಕೇಂದ್ರ ಸರ್ಕಾರದ್ದೇ 2024-25ರ ಆರ್ಥಿಕ ಸಮೀಕ್ಷೆ ಬೇರೆ ಕಥೆ ಹೇಳುತ್ತದೆ. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಏರಿತು, ಉದ್ಯೋಗ ಏರಿದ್ದು ಶೇ 1.5 ಮಾತ್ರ.

ನಿರುದ್ಯೋಗದ ಅಂಕಿ ಕಡಿಮೆ ಇದೆಯಲ್ಲ ಅಂತ ಕೇಳಬಹುದು. ಕಡಿಮೆ ಇದೆ. ಆದರೆ ಸಮೀಕ್ಷೆಯ ಲೆಕ್ಕದಲ್ಲಿ ಸಂಬಳವಿಲ್ಲದೆ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೈಜೋಡಿಸುವವರೂ ಕೆಲಸದಲ್ಲಿರುವವರೇ. ದುಡಿಯುವ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಇಂಥವರು. ಸ್ವಂತ ಉದ್ಯೋಗದವರ ಪಾಲು 2017-18ರಲ್ಲಿ ಶೇ 52 ಇದ್ದದ್ದು 2023-24ರಲ್ಲಿ ಶೇ 58 ದಾಟಿತು. ಸ್ವಂತ ಉದ್ಯೋಗ ಅಂದರೆ ಸ್ಟಾರ್ಟ್‌ಅಪ್ ಅಂದುಕೊಳ್ಳಬೇಡಿ. ಬೇರೆ ಕೆಲಸ ಸಿಗದೆ ತಳ್ಳುಗಾಡಿ ಹಾಕಿದವರು, ಎರಡು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಉಳುವವರು, ಎಲ್ಲರೂ ಇದರಲ್ಲಿದ್ದಾರೆ. ಬಡವರಿಗೆ ಸುಮ್ನೆ ಕೂತಿರುವ ಅನುಕೂಲ ಇಲ್ಲ, ಹಾಗಾಗಿ ಅವರು ನಿರುದ್ಯೋಗಿಗಳ ಪಟ್ಟಿಯಲ್ಲಿ ಸಿಗುವುದು ಕಡಿಮೆ.

ಸಂಬಳ ಏರುತ್ತದೆ, ಕೊಳ್ಳುವ ಶಕ್ತಿ ಏರುವುದಿಲ್ಲ

ಸಂಬಳ ಶೇ 6 ಏರಿ, ಬೆಲೆ ಶೇ 6 ಏರಿದರೆ ನಿಮ್ಮ ಸಂಬಳ ಏರಿಲ್ಲ. ಬೆಲೆ ಏರಿಕೆ ಕಳೆದು ಉಳಿಯುವುದನ್ನು ನಿಜ ಗಳಿಕೆ ಅನ್ನೋಣ. ಅದೇ ಆರ್ಥಿಕ ಸಮೀಕ್ಷೆಯಲ್ಲಿ ಈ ಪಟ್ಟಿ ಇದೆ. ಸಂಬಳದ ಕೆಲಸದಲ್ಲಿರುವ ಗಂಡಸರ ಸರಾಸರಿ ನಿಜ ಗಳಿಕೆ 2017-18ರಲ್ಲಿ ತಿಂಗಳಿಗೆ 12,665 ರೂಪಾಯಿ, 2023-24ರಲ್ಲಿ 11,858. ಹೆಂಗಸರದ್ದು 10,116ರಿಂದ 8,855ಕ್ಕೆ ಇಳಿದಿದೆ. ಇವು ಹಳೆಯ ಬೆಲೆಗೆ ಇಳಿಸಿದ ಅಂಕಿಗಳು, ಕೈಗೆ ಬರುವ ನೋಟು ಇದಕ್ಕಿಂತ ಜಾಸ್ತಿ ಇರುತ್ತದೆ. ದಿನಗೂಲಿಯವರ ನಿಜ ಕೂಲಿ ಮಾತ್ರ ಇದೇ ಅವಧಿಯಲ್ಲಿ ಏರಿದೆ, ಗಂಡಸರದ್ದೂ ಹೆಂಗಸರದ್ದೂ. ತೀರಾ ಕೆಳಗಿನ ಮೆಟ್ಟಿಲಲ್ಲಿ ಸ್ವಲ್ಪ ಸುಧಾರಣೆ, ಅದರ ಮೇಲಿನ ಮೆಟ್ಟಿಲಲ್ಲಿ ಜಗ್ಗಾಟ. ನಡುವಿನ ವರ್ಗದ ಗೊಣಗಾಟಕ್ಕೆ ಕಾರಣ ಇಲ್ಲಿದೆ ಅಂತ ನನಗನ್ನಿಸುತ್ತದೆ.

ಬೆಲೆ ಏರಿಕೆಯೂ ಎಲ್ಲರಿಗೂ ಒಂದೇ ಅಲ್ಲ. ಪತ್ರಿಕೆಯಲ್ಲಿ ಬರುವುದು ಸರಾಸರಿ ಮನೆಯ ಬೆಲೆ ಏರಿಕೆ. ಹಳ್ಳಿಯ ಮನೆಗಳ ಖರ್ಚಿನಲ್ಲಿ ಶೇ 47 ಊಟ-ತಿಂಡಿಗೇ ಹೋಗುತ್ತದೆ, ಪಟ್ಟಣದಲ್ಲಿ ಶೇ 40ರಷ್ಟು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತಲ್ಲ, ಆಗ 15,000 ಸಂಬಳದ ಮನೆಗೆ ತಟ್ಟಿದಷ್ಟು ಬಿಸಿ ಒಂದೂವರೆ ಲಕ್ಷದ ಮನೆಗೆ ತಟ್ಟಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೇ ನೋಡಿ. ಲಕ್ಷಗಟ್ಟಲೆ ಜನ. ಅವರು ಹೊಲಿದ ಬಟ್ಟೆ ಅಮೆರಿಕ, ಯುರೋಪಿನ ಅಂಗಡಿಗಳಿಗೆ ಹೋಗುತ್ತದೆ. ರಫ್ತು, ಡಾಲರು, ಜಿಡಿಪಿ ಎಲ್ಲ ಸರಿ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಹಿಂದೆ ನಿಂತ ಸೂಪರ್‌ವೈಸರ್. 2016ರಲ್ಲಿ ಒಬ್ಬ ಟೈಲರ್ ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಏಳು ಸಾವಿರದ ಆಸುಪಾಸು. ಬಾಡಿಗೆ, ರೇಷನ್, ಮಕ್ಕಳ ಫೀಸು ಕಳೆದರೆ ಉಳಿಕೆ ಸೊನ್ನೆ. ಉಳಿತಾಯ ಅಂತ ಇದ್ದದ್ದು ಪಿಎಫ್ ಒಂದೇ. ಮಗಳ ಮದುವೆಗೋ ಊರಿನ ಸಾಲಕ್ಕೋ ಕೆಲಸ ಬಿಟ್ಟಾದರೂ ಅದನ್ನು ತೆಗೆದುಕೊಳ್ಳುತ್ತಿದ್ದರು. ಆ ವರ್ಷ ಕೇಂದ್ರ ಸರ್ಕಾರ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಫ್ಯಾಕ್ಟರಿಯಿಂದ ಎದ್ದು ಬಂದು ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದರು. ಯಾವ ದೊಡ್ಡ ಯೂನಿಯನ್ ಕೂಡ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಆ ವರ್ಷ ದೇಶದ ಬೆಳವಣಿಗೆ ದರ ಚೆನ್ನಾಗಿಯೇ ಇತ್ತು.

ತೆರಿಗೆಯಾಗಿ ಹೋದದ್ದು ಸೇವೆಯಾಗಿ ಬಂತೇ?

ಕೈಗೆ ದುಡ್ಡು ಬರದಿದ್ದರೂ ಬೆಳವಣಿಗೆ ಇನ್ನೊಂದು ದಾರಿಯಲ್ಲಿ ಮನೆ ಸೇರಬಹುದು. ದೇಶ ಬೆಳೆದರೆ ತೆರಿಗೆ ಹೆಚ್ಚು ಬರುತ್ತದೆ. ಅದರಿಂದ ಒಳ್ಳೆಯ ಸರ್ಕಾರಿ ಶಾಲೆ, ಪಿಎಚ್‌ಸಿಯಲ್ಲಿ ಡಾಕ್ಟರು, ಹೊತ್ತಿಗೆ ಬಸ್ಸು, ನಲ್ಲಿಯಲ್ಲಿ ನೀರು. ಇವು ಇದ್ದರೆ 20,000 ಸಂಬಳ 30,000ದಷ್ಟು ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಏರಿದ ಸಂಬಳ ಕಾನ್ವೆಂಟಿಗೂ ನರ್ಸಿಂಗ್ ಹೋಮಿಗೂ ಸರಿಹೋಗುತ್ತದೆ.

ಇದನ್ನು ಅಳೆಯಲು ಒಂದು ನಿಷ್ಠುರವಾದ ಅಂಕಿ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಎಷ್ಟು ಅನ್ನುವುದು. ಮಗು ಹೊಟ್ಟೆಯಲ್ಲಿದ್ದಾಗಿನಿಂದ ತಾಯಿಯ ಊಟ, ನೀರಿನ ಶುಚಿ, ಪದೇ ಪದೇ ಬರುವ ಭೇದಿ, ಅಂಗನವಾಡಿ, ಎಲ್ಲದರ ಮೊತ್ತ ಅದರಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂಥ ಮಕ್ಕಳು ಶೇ 35.5. ಕರ್ನಾಟಕದಲ್ಲಿ? ಶೇ 35.4. ತಲಾ ಆದಾಯ ದೇಶದ್ದಕ್ಕಿಂತ ಎಷ್ಟೋ ಜಾಸ್ತಿ, ಮಕ್ಕಳ ಎತ್ತರ ಮಾತ್ರ ದೇಶದ ಸರಾಸರಿಯಲ್ಲೇ. ತಲಾ ಆದಾಯದಲ್ಲಿ ನಮಗಿಂತ ಹಿಂದಿರುವ ಕೇರಳದಲ್ಲಿ ಅದು ಶೇ 23.4. ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳ ಲೆಕ್ಕ ನೋಡಿದರೆ ಅಂತರ ಇನ್ನೂ ದೊಡ್ಡದು. ಸಾವಿರಕ್ಕೆ ಕೇರಳದಲ್ಲಿ ನಾಲ್ಕೈದು, ಅದೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ 25. ಕೇರಳ ಇದನ್ನು ಸಾಧಿಸಿದ್ದು ಶ್ರೀಮಂತವಾದ ಮೇಲೆ ಅಲ್ಲ. ಹೆಣ್ಣುಮಕ್ಕಳ ಓದಿಗೂ ಹಳ್ಳಿಯ ಆಸ್ಪತ್ರೆಗೂ ಬಹಳ ಹಿಂದೆಯೇ ಖರ್ಚು ಮಾಡಿದ್ದು ಇದರ ಹಿಂದಿದೆ.

ರಾಜ್ಯದೊಳಗೆ ಯಾವ ತಾಲ್ಲೂಕು ಹಿಂದೆ ಬಿದ್ದಿದೆ ಅನ್ನುವುದೂ ಗುಟ್ಟೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಪಟ್ಟಿ ಮಾಡಿ ಕೊಟ್ಟಿತ್ತು. ಆ 39ರಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದವು. ಬೆಂಗಳೂರಿನ ಐಟಿ ಬಿರುಸಾಗಿ ಬೆಳೆದದ್ದು ಈ ಪಟ್ಟಿ ಕೈಯಲ್ಲಿದ್ದ ವರ್ಷಗಳಲ್ಲೇ.

ಹಾಗಾದರೆ ಬೆಳವಣಿಗೆಯಿಂದ ಏನೂ ಆಗಿಲ್ಲವೇ?

ಆಗಿದೆ, ಬಹಳ ಆಗಿದೆ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ, ದಿನಕ್ಕೆ 3 ಡಾಲರ್ ಮಟ್ಟದ ಬಡತನ ರೇಖೆಯ ಕೆಳಗಿದ್ದ ಭಾರತೀಯರು 2011-12ರಲ್ಲಿ ಶೇ 27.1 ಇದ್ದರು, 2022-23ಕ್ಕೆ ಶೇ 5.3ಕ್ಕೆ ಇಳಿದರು. ಈ ಡಾಲರ್ ಬ್ಯಾಂಕಿನ ವಿನಿಮಯ ದರದ್ದಲ್ಲ, ಆಯಾ ದೇಶದಲ್ಲಿ ಅದರಿಂದ ಎಷ್ಟು ಕೊಳ್ಳಬಹುದು ಅಂತ ನೋಡಿ ಹೊಂದಿಸಿದ್ದು. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2014-15ರಲ್ಲಿ ಶೇ 62.6 ಇತ್ತು, 2021-22ಕ್ಕೆ ಶೇ 39.4 ಆಯಿತು. 80 ಕೋಟಿ ಜನರಿಗೆ ಉಚಿತ ಪಡಿತರ ಕೊಡಲು ಬೇಕಾದ ಹಣ ಬಂದದ್ದೂ ಬೆಳೆಯುವ ಅರ್ಥವ್ಯವಸ್ಥೆಯ ತೆರಿಗೆಯಿಂದಲೇ. ಬೆಳವಣಿಗೆ ನಿಂತ ದೇಶದಲ್ಲಿ ಬಡತನ ನೀಗಿಸುವುದು ಇನ್ನೂ ಕಷ್ಟ. ಬೆಳವಣಿಗೆ ಬೇಕು, ಅದೊಂದೇ ಸಾಲದು.

ಅಸಮಾನತೆಯ ವಿಷಯದಲ್ಲಿ ಮಾತ್ರ ಎರಡು ಸುದ್ದಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. 2025ರಲ್ಲಿ ಭಾರತ ಜಗತ್ತಿನ ಅತ್ಯಂತ ಸಮಾನ ದೇಶಗಳ ಸಾಲಿನಲ್ಲಿದೆ ಅಂತ ಒಂದು ಸುದ್ದಿ ಬಂತು. ಮೇಲಿನ ಶೇ 1 ಜನರ ಕೈಯಲ್ಲಿ ದೇಶದ ಆದಾಯದ ಶೇ 22.6 ಇದೆ ಅಂತ ಅದರ ಹಿಂದಿನ ವರ್ಷ ವಿಶ್ವ ಅಸಮಾನತೆ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು ಹೇಳಿದ್ದರು. ಎರಡೂ ಹೇಗೆ ಸಾಧ್ಯ? ಮೊದಲನೆಯದು ಖರ್ಚಿನ ಲೆಕ್ಕ, ಎರಡನೆಯದು ಆದಾಯದ್ದು. ಕೋಟ್ಯಧಿಪತಿ ನಿಮಗಿಂತ ಸಾವಿರ ಪಟ್ಟು ದುಡಿಯಬಹುದು, ಸಾವಿರ ಪಟ್ಟು ಊಟ ಮಾಡಲಾರ. ಉಳಿದದ್ದನ್ನು ಷೇರಿನಲ್ಲೋ ಸೈಟಿನಲ್ಲೋ ಹಾಕುತ್ತಾನೆ. ಅದು ಖರ್ಚಿನ ಸಮೀಕ್ಷೆಯಲ್ಲಿ ಕಾಣುವುದಿಲ್ಲ. ಸಮೀಕ್ಷೆಯವರು ಪ್ರಶ್ನಾವಳಿ ಹಿಡಿದು ಅಂಥವರ ಗೇಟು ದಾಟುವುದೂ ಕಷ್ಟ.

ಎಣಿಕೆಗೆ ಸಿಗದ ಅಂಗಡಿಗಳು

ಕೊನೆಯದಾಗಿ, ಲೆಕ್ಕದ ಒಳಗೇ ಇರುವ ಒಂದು ತೊಡಕು. ದೊಡ್ಡ ಕಂಪನಿಗಳ ಲೆಕ್ಕಪತ್ರ ಸರ್ಕಾರಕ್ಕೆ ವರ್ಷವರ್ಷ ಸಿಗುತ್ತದೆ. ಬೀದಿ ಬದಿಯ ಗ್ಯಾರೇಜು, ಮನೆಯಲ್ಲೇ ಮಾಡುವ ಹಪ್ಪಳ, ಎರಡು ಮಗ್ಗದ ಮನೆ, ಇವು ಯಾವ ಕಚೇರಿಗೂ ಬ್ಯಾಲೆನ್ಸ್ ಶೀಟ್ ಕೊಡುವುದಿಲ್ಲ. ಇವುಗಳಿಗೆ ಆಗೊಮ್ಮೆ ಈಗೊಮ್ಮೆ ಸಮೀಕ್ಷೆ ಮಾಡಿ, ನಡುವಿನ ವರ್ಷಗಳಲ್ಲಿ ಬಹಳಷ್ಟು ಕಡೆ ಸಂಘಟಿತ ವಲಯದ, ಅಂದರೆ ಲೆಕ್ಕಪತ್ರ ಕೊಡುವ ಕಂಪನಿಗಳ, ಬೆಳವಣಿಗೆಯನ್ನೇ ಆಧಾರವಾಗಿಟ್ಟು ಅಂದಾಜು ಮಾಡುತ್ತಿದ್ದರು. ಎರಡೂ ಒಟ್ಟಿಗೆ ಏರುವ, ಇಳಿಯುವ ಕಾಲದಲ್ಲಿ ಇದರಿಂದ ತೊಂದರೆಯಿಲ್ಲ. ನೋಟು ರದ್ದತಿ, ಜಿಎಸ್‌ಟಿ, ಕೋವಿಡ್ ಬಂದಾಗ ಸಣ್ಣವರು ಮುಗ್ಗರಿಸಿ, ಅವರ ಗಿರಾಕಿಗಳು ದೊಡ್ಡವರ ಕಡೆ ಹೋದರು. ಆಗ ಈ ಅಂದಾಜು ಸಣ್ಣವರ ಸೋಲನ್ನೂ ಗೆಲುವು ಅಂತ ಬರೆದುಕೊಳ್ಳುವ ಅಪಾಯವಿತ್ತು. ಆಮೇಲೆ ನಡೆದ ಸಮೀಕ್ಷೆಯಲ್ಲಿ ಇಂಥ ಸಣ್ಣ ಘಟಕಗಳ ಕೆಲಸಗಾರರು 2015-16ರ 11.13 ಕೋಟಿಯಿಂದ 2022-23ಕ್ಕೆ 10.96 ಕೋಟಿಗೆ ಇಳಿದಿದ್ದರು. ಮುಂದಿನ ವರ್ಷ 12 ಕೋಟಿ ದಾಟಿ ಚೇತರಿಸಿಕೊಂಡರು. ಈಗ ಈ ಸಮೀಕ್ಷೆ ವರ್ಷಕ್ಕೊಮ್ಮೆ ನಡೆಯುತ್ತಿದೆ. 2022-23ನ್ನು ಮೂಲ ವರ್ಷವಾಗಿ ಇಟ್ಟುಕೊಂಡ ಜಿಡಿಪಿಯ ಹೊಸ ಸರಣಿಯಲ್ಲಿ ಅದನ್ನೇ ಬಳಸುವುದಾಗಿ ಅಂಕಿಅಂಶ ಸಚಿವಾಲಯ ಹೇಳಿತ್ತು.

ಯಾವ ಅಂಕಿ ಎಷ್ಟು ಸಲ ಬರುತ್ತದೆ ಅನ್ನುವುದನ್ನೂ ಗಮನಿಸಿ. ಜಿಡಿಪಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಟಿವಿಯಲ್ಲಿ ಇಡೀ ದಿನ ಚರ್ಚೆಯಾಗುತ್ತದೆ. ಷೇರುಪೇಟೆಯ ಸೂಚ್ಯಂಕ ಕ್ಷಣಕ್ಷಣಕ್ಕೂ ಬರುತ್ತದೆ. ಉದ್ಯೋಗದ ಸಮೀಕ್ಷೆ 2025ರಿಂದ ತಿಂಗಳಿಗೊಮ್ಮೆ ಬರುತ್ತಿದೆ, ಆದರೆ ಆ ಮಾಸಿಕ ವರದಿಯಲ್ಲಿ ಎಷ್ಟು ಮಂದಿಗೆ ಕೆಲಸವಿದೆ ಅಂತ ಇರುತ್ತದೆ, ಎಷ್ಟು ಸಂಬಳ ಅಂತ ಇರುವುದಿಲ್ಲ. ಅದಕ್ಕೆ ವಾರ್ಷಿಕ ವರದಿಯವರೆಗೆ ಕಾಯಬೇಕು. ಮಕ್ಕಳ ಎತ್ತರ, ತೂಕದ ಕುಟುಂಬ ಆರೋಗ್ಯ ಸಮೀಕ್ಷೆ ಹಲವು ವರ್ಷಕ್ಕೊಮ್ಮೆ. ಇನ್ನು ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂಬ ಸಮೀಕ್ಷೆ 2011-12ರ ನಂತರ 2017-18ರಲ್ಲಿ ನಡೆಯಿತು. ಅದರ ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ಪ್ರಕಟಿಸಲಿಲ್ಲ. ಮುಂದಿನದು ಬಂದದ್ದು 2022-23ರದ್ದು. ನಡುವೆ ಹನ್ನೊಂದು ವರ್ಷ.